ಶುಕ್ರವಾರ ಹತ್ತೂವರೆಯೊಳಗೆ ತೇಗ ಮಾಡಿಕೊಡಿ

ಮರದ ಗೆರೆಯ ಅಂಟುಹಾಳೆ ತಯಾರಿಸುವ ಕಂಪನಿಯ ವ್ಯವಸ್ಥಾಪಕರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ಕಾರಿನೊಳಗಿನ ಮುದಿ ಪ್ಲಾಸ್ಟಿಕ್ಕಿಗೆ ಹನ್ನೊಂದೇ ನಿಮಿಷದಲ್ಲಿ ಅರಮನೆಯ ಕಳೆ ತರುವ ಹಾಳೆಯನ್ನು ಲೋಕಕ್ಕೆ ಕರುಣಿಸಿದ ತಮಗೆ ಎರಡೂ ಕೈ ಜೋಡಿಸಿ ನಮಸ್ಕಾರಗಳು. ಜೋಡಿಸಿದ ಕೈಗಳು ತಮ್ಮ ಅಂಟಿನ ದಯೆಯಿಂದ ಇನ್ನೂ ಬಿಡಿಸಿಕೊಂಡಿಲ್ಲವಾದ್ದರಿಂದ, ಈ ನಮಸ್ಕಾರ ವಾಡಿಕೆಗಿಂತ ದೀರ್ಘವಾದದ್ದೆಂದು ತಾವು ಭಾವಿಸಬೇಕು. ತಮ್ಮ ವಿಳಾಸವು ಸುರುಳಿಯ ರಟ್ಟಿನ ಕೊಳವೆಯ ಮೇಲೆ ಅಚ್ಚಾಗಿತ್ತು; ಅದರ ಮೇಲೂ ತಮ್ಮ ಹಾಳೆಯೇ ಅಂಟಿಕೊಂಡು ಅಕ್ಷರಗಳೆಲ್ಲ ಮರದ ಪಾಲಾಗಿರುವುದರಿಂದ, ಈ ಪತ್ರವನ್ನು ಬಹಿರಂಗವಾಗಿಯೇ ಬರೆಯದೆ ಗತ್ಯಂತರವಿಲ್ಲ.

ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಹೇಳುವವನು. ನಮ್ಮ ಕಾರಿಗೆ ಹದಿಮೂರು ವರ್ಷ. ಅದರ ಡ್ಯಾಶ್‌ಬೋರ್ಡು ಬಿಸಿಲಿಗೆ ಬಿರಿದು ಬತ್ತಿದ ಕೆರೆಯಂಗಳದಂತಾಗಿದ್ದರೂ ನನಗಾಗಲಿ ಕಾರಿಗಾಗಲಿ ಅದರಿಂದ ಬೇಸರವಿರಲಿಲ್ಲ. ಬೇಸರವಿದ್ದದ್ದು ನಮ್ಮ ಮಾವನವರಿಗೆ. ನಲವತ್ತೈದು ವರ್ಷ ಬಡಗಿ ಕೆಲಸ ಮಾಡಿದ ಅವರು ಜಗತ್ತಿನ ಜನರನ್ನು ಎರಡೇ ಜಾತಿಯಾಗಿ ವಿಂಗಡಿಸಿದ್ದಾರೆ: ಕೈ ಇರುವವರು, ಓದಿದವರು. ಮದುವೆಯಾದ ಹೊಸದರಲ್ಲಿ ಒಂದು ಬಾಗಿಲಿನ ತಿರುಪು ಬಿಗಿ ಮಾಡಿ ಎಂದು ಅವರು ಹೇಳಿದಾಗ, ನಾನು ಅದನ್ನು ಎಡಕ್ಕೆ ತಿರುಗಿಸುತ್ತ ಹೋಗಿ ಕೊನೆಗೆ ಬಾಗಿಲನ್ನೇ ಅವರ ಕೈಗೆ ಕೊಟ್ಟಿದ್ದೆ. ಅಂದಿನಿಂದ ಹದಿನಾಲ್ಕು ವರ್ಷ, ನಾನು ಯಾವ ಕೆಲಸಕ್ಕೆ ಕೈ ಹಾಕಿದರೂ ಅವರ ತೀರ್ಪು ಒಂದೇ: "ಇರಲಿ ಬಿಡಿ ಅಳಿಯಂದಿರೇ, ನೀವು ಓದಿದವರು." ಬಹುವಚನದಲ್ಲಿ ಕರೆದು ಏಕಾಂಗಿ ಮಾಡುವ ಈ ವಿದ್ಯೆಯನ್ನು ನಾನು ಯಾವ ವಿಶ್ವವಿದ್ಯಾಲಯದಲ್ಲೂ ಕಂಡಿಲ್ಲ.

ಹೀಗಿರಲಾಗಿ, ಅವರ ಬಾಯಿಂದ ಒಂದೇ ಒಂದು 'ಪರವಾಗಿಲ್ಲ' ಕೇಳಿಸಿಕೊಂಡು ಸಾಯಬೇಕೆಂಬುದು ನನ್ನ ಜೀವಮಾನದ ಆಸೆಯಾಗಿತ್ತು. ಆ ಆಸೆಗೆ ತಾವು ಹಾಳೆ ಹಚ್ಚಿದಿರಿ.

ತಮ್ಮ ಜಾಹೀರಾತಿನ ವಿಡಿಯೋದಲ್ಲಿ ಬಿಳಿ ಅಂಗಿಯ ಯುವಕನೊಬ್ಬ ಶಿಳ್ಳೆ ಹಾಕುತ್ತ ಹನ್ನೊಂದು ನಿಮಿಷದಲ್ಲಿ ಮುಗಿಸಿದ ಕೆಲಸಕ್ಕೆ ನನಗೆ ಎರಡು ಭಾನುವಾರ ಮತ್ತು ಒಂದು ಸಾಂದರ್ಭಿಕ ರಜೆ ಹಿಡಿದವು. ಇದು ತಮ್ಮ ತಪ್ಪಲ್ಲ. ಆ ಯುವಕನ ಹಾಳೆ ಡ್ಯಾಶ್‌ಬೋರ್ಡಿಗೆ ಅಂಟುತ್ತಿತ್ತು. ನನ್ನದು ಅಂಟಿನ ವಿಷಯದಲ್ಲಿ ಇನ್ನೂ ವಿಶಾಲ ಮನೋಭಾವದ್ದು. ಅದು ನನ್ನ ಬೆರಳಿಗೆ, ಕನ್ನಡಕಕ್ಕೆ, ಗೇರಿನ ಗುಂಡಿಗೆ, ಎಲ್ಲಕ್ಕಿಂತ ಹೆಚ್ಚಾಗಿ ತನಗೆ ತಾನೇ ಅಂಟಿಕೊಂಡಿತು. ತನ್ನನ್ನು ತಾನು ಇಷ್ಟೊಂದು ಪ್ರೀತಿಸುವ ವಸ್ತುವನ್ನು ನಾನು ನಮ್ಮ ಪ್ರಾಂಶುಪಾಲರ ಕೋಣೆಯ ಹೊರಗೆ ಕಂಡದ್ದು ಇದೇ ಮೊದಲು. ಹಾಳೆಯನ್ನು ಬಿಸಿ ಮಾಡಿ ಬಗ್ಗಿಸಬೇಕೆಂಬ ತಮ್ಮ ಸೂಚನೆಯಂತೆ ಹೆಂಡತಿಯ ಹೇರ್ ಡ್ರೈಯರ್ ಹಿಡಿದು ಕಾರಿನಲ್ಲಿ ಮಂಡಿಯೂರಿದ್ದಾಗ, ಅವಳು ಬಂದು ಬಹಳ ಹೊತ್ತು ನೋಡಿ, "ನನ್ನ ತಲೆಗೆ ಒಂದು ದಿನವಾದ್ರೂ ಹೀಗೆ ಹಿಡ್ದಿದ್ರಾ?" ಎಂದು ಕೇಳಿ ಹೋದಳು. ಡ್ರೈಯರ್ ಈಗ ಸುಟ್ಟ ಪ್ಲಾಸ್ಟಿಕ್ಕಿನ ಸುವಾಸನೆ ಬೀರುತ್ತದೆ. ಹೆಂಡತಿ ಏನೂ ಬೀರುವುದಿಲ್ಲ, ಮಾತನ್ನೂ ಸಹ.

ತಮ್ಮ ಮರದ ಕುಸುರಿಯ ಬಗ್ಗೆ ಎಷ್ಟು ಹೊಗಳಿದರೂ ಸಾಲದು. ಪ್ರಕೃತಿಯು ಜುಗ್ಗತನದಿಂದ ಒಂದು ಕೊಂಬೆಗೆ ಒಂದು ಗಂಟು ಕೊಟ್ಟರೆ, ತಾವು ಒಂದೇ ಗಂಟನ್ನು ಗೇಣಿಗೊಂದರಂತೆ ಒಂಬತ್ತು ಕಡೆ ದಯಪಾಲಿಸಿದ್ದೀರಿ. ಒಂಬತ್ತೂ ಒಂದೇ ಹೆರಿಗೆಯ ಮಕ್ಕಳಂತೆ ನನ್ನನ್ನೇ ದಿಟ್ಟಿಸುತ್ತವೆ. ಹಾಳೆ ಸಾಲದೆ ಬಂದಾಗ ಉಳಿದ ಚೂರುಗಳನ್ನು ಅಡ್ಡಡ್ಡ ಹಚ್ಚಿದ್ದರಿಂದ ಮರವು ಮುಂದುಗಡೆ ಮಲಗಿದೆ, ಬಾಗಿಲಿನಲ್ಲಿ ಎದ್ದು ನಿಂತಿದೆ. ಅಪಾಯದ ದೀಪದ ಗುಂಡಿ ಈ ಕಾಡಿನಲ್ಲಿ ಎಲ್ಲೋ ಇದೆ. ಅಪಾಯ ಬಂದಾಗ ಹುಡುಕಿಕೊಂಡರಾಯಿತು. ಒಂದು ಕಡೆ ಮಾತ್ರ, ಎಡಬಾಗಿಲಿನ ಹಿಡಿಕೆಯ ಬಳಿ, ಏನಾಯಿತೋ ಗೊತ್ತಿಲ್ಲ: ಬ್ಲೇಡಿನಿಂದ ನಿಧಾನವಾಗಿ ಕೊಯ್ದು, ಮೂಲೆಯನ್ನು ಒಳಕ್ಕೆ ಮಡಿಸಿ, ಉಸಿರು ಬಿಗಿಹಿಡಿದು ಒತ್ತಿದೆ, ಒಂದು ಗುಳ್ಳೆಯೂ ಏಳಲಿಲ್ಲ. ಅದನ್ನು ಆಕಸ್ಮಿಕವೆಂದು ಪರಿಗಣಿಸಿ ಮುಂದುವರಿಯೋಣ.

ಈಗ ದೂರಿಗೆ ಬರುತ್ತೇನೆ. ಕಳೆದ ಭಾನುವಾರ ಮಾವನವರನ್ನು ಕಣ್ಣಿನ ಆಸ್ಪತ್ರೆಗೆ ತಪಾಸಣೆಗೆಂದು ಇದೇ ಕಾರಿನಲ್ಲಿ ಕರೆದೊಯ್ದೆ. ಅವರ ಎರಡೂ ಕಣ್ಣಿಗೆ ಪೊರೆ ಬಲಿತು ಎದುರಿನವರು ಆಕಾರ ಮಾತ್ರವಾಗಿ ಕಾಣುತ್ತಾರೆ. ನಾನಂತೂ ಅವರಿಗೆ ಮೊದಲಿನಿಂದಲೂ ಅಷ್ಟೇ. ಮುಂದಿನ ಸೀಟಿನಲ್ಲಿ ಕೂತವರೇ ಬಾಗಿಲಿನ ಮೇಲೆ ಅಂಗೈ ಸವರಿದರು. ಹಿಡಿಕೆಯ ಬಳಿ ಬೆರಳು ನಿಂತಿತು. ಸ್ವಲ್ಪ ಹೊತ್ತು ಅಲ್ಲೇ ಇತ್ತು. "ಪರವಾಗಿಲ್ಲ," ಎಂದರು.

ಮಾನ್ಯರೇ, ಹದಿನಾಲ್ಕು ವರ್ಷ! ನನ್ನ ಕಾಲು ಆಕ್ಸಿಲರೇಟರಿನ ಮೇಲಿದ್ದದ್ದು ನಿಜ, ಆದರೆ ನೆಲದ ಮೇಲಿರಲಿಲ್ಲ. ಮರುಕ್ಷಣವೇ ಅವರು, "ಯಾವ ಮರ?" ಎಂದು ಕೇಳಿದರು. ಇಲ್ಲಿ 'ಪ್ಲಾಸ್ಟಿಕ್' ಎಂಬ ಸತ್ಯವಾಕ್ಯ ನುಡಿಯುವ ಧೈರ್ಯವನ್ನು ತರ್ಕಶಾಸ್ತ್ರ ನನಗೆ ಕಲಿಸಿಲ್ಲ. ತೇಗ ಎಂದೆ. ಹೊಸದೋ ಹಳೆಯದೋ ಎಂದರು. ಹಳೆಯದು, ಯಾರೋ ಒಡೆದ ಮನೆಯ ಬಾಗಿಲಿನದು ಎಂದೆ. ಯಾರು ಉಜ್ಜಿದ್ದು ಎಂದರು. ನಾನೇ, ಎಂದೆ. ಸುಳ್ಳು ಕೂಡ ತಮ್ಮ ಹಾಳೆಯ ಹಾಗೆಯೇ, ಒಂದು ಕಡೆ ಹಚ್ಚಿದರೆ ಪಕ್ಕದಲ್ಲಿ ಇನ್ನೊಂದು ಚೂರು ಬೇಕಾಗುತ್ತದೆ. ಅವರ ಕಣ್ಣಿನ ಪೊರೆಯೇ ಅಂದು ನನ್ನನ್ನು ಪೊರೆಯಿತು.

ಆದರೆ ನಾಳೆ ಗುರುವಾರ ಒಂದು ಕಣ್ಣಿನ ಪೊರೆ ತೆಗೆಯುತ್ತಾರೆ. ವೈದ್ಯರು ದುರದೃಷ್ಟವಶಾತ್ ಬಹಳ ನಿಪುಣರಂತೆ. ಶುಕ್ರವಾರ ಬೆಳಗ್ಗೆ ಹತ್ತೂವರೆಗೆ ಕಟ್ಟು ಬಿಚ್ಚುತ್ತಾರೆ. ಅನಂತರ ಮಾವನವರು ಹೊಸ ಕಣ್ಣಿನಲ್ಲಿ ನೋಡುವ ಮೊದಲ ವಸ್ತುಗಳಲ್ಲಿ ತಮ್ಮ ಒಂಬತ್ತು ಗಂಟುಗಳೂ ಇರುತ್ತವೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆ ಏನೆಂದರೆ, ಸದರಿ ಹಾಳೆಯನ್ನು ಶುಕ್ರವಾರ ಹತ್ತೂವರೆಯೊಳಗೆ ತೇಗ ಮಾಡಿಕೊಡಬೇಕು. ಪೂರ್ತಿ ತೇಗ ಕಷ್ಟವೆನಿಸಿದರೆ ವಾಸನೆಯಾದರೂ ತೇಗದ್ದಿರಲಿ. ಅದೂ ಆಗದಿದ್ದರೆ, ಒಂಬತ್ತು ಗಂಟುಗಳಲ್ಲಿ ಎಂಟಕ್ಕೆ ಅಂದು ಒಂದು ದಿನದ ರಜೆ ಮಂಜೂರು ಮಾಡಿ. ಬಿಸಿಲಿಗೆ ಹಾಳೆಯ ಅಂಚು ನಾಲಿಗೆ ಚಾಚುವ ಅಭ್ಯಾಸವಿರುವುದರಿಂದ, ಸೂರ್ಯನು ಆ ದಿನ ಹನ್ನೊಂದರ ನಂತರ ಹುಟ್ಟುವಂತೆ ತಮ್ಮ ಪ್ರಭಾವ ಬಳಸಿದರೂ ಆದೀತು. ತಮ್ಮ ಅಂಟು ಹೋದರೆ ನನಗೆ ಚಿಂತೆಯಿಲ್ಲ, ನಂಟು ಹೋಗಬಾರದು. ಆ ಒಂದು 'ಪರವಾಗಿಲ್ಲ' ನನಗೆ ಮತ್ತೆ ಸಿಗುವಂಥದ್ದಲ್ಲ.

ತಮ್ಮ ಹಾಳೆಗಿಂತ ಗಟ್ಟಿಯಾಗಿ ತಮ್ಮನ್ನೇ ಹಿಡಿದುಕೊಂಡಿರುವ,
ತಮ್ಮ ವಿಶ್ವಾಸಿ,
ಒಬ್ಬ ಓದಿದವನು

ತಾ.ಕ.: ಈ ಪತ್ರ ಅಚ್ಚಿಗೆ ಹೋಗುವ ಮೊದಲೇ ಶುಕ್ರವಾರ ಬಂದುಬಿಟ್ಟಿತು, ಸೂರ್ಯನೂ ಎಂದಿನಂತೆ ಹುಟ್ಟಿದ. ಕಪ್ಪು ಕನ್ನಡಕ ಹಾಕಿಕೊಂಡು ಮಾವನವರು ಕಾರು ಹತ್ತಿ, ಒಂಬತ್ತು ಗಂಟುಗಳನ್ನೂ ಎಡದಿಂದ ಬಲಕ್ಕೆ ಎಣಿಸಿದರು. ಆಮೇಲೆ, "ಅಳಿಯಂದಿರೇ, ಪೊರೆ ಬಂದಿದ್ದು ಕಣ್ಣಿಗೆ. ಕೈಗಲ್ಲ," ಎಂದರು. ಹಾಗಾದರೆ ಅಂದು ಪರವಾಗಿಲ್ಲ ಎಂದದ್ದೇಕೆ ಎಂದು ನಾನು ತೊದಲಿದೆ. "ಹಿಡಿಕೆ ಹತ್ರ ಮೂಲೆ ಮಡಿಸಿದ್ರಲ್ಲ, ಅದಕ್ಕೆ. ಅವಸರ ಮಾಡ್ದೆ ಮಾಡಿದ ಕೆಲಸ ಅದು. ಮರ ಯಾವುದು ಅಂತ ಕೇಳಿದ್ದು, ನೀವು ಎಲ್ಲೀವರೆಗೆ ಹೋಗ್ತೀರಿ ನೋಡೋಣ ಅಂತ." ಹಿಂದಿನ ಸೀಟಿನಲ್ಲಿದ್ದ ಹೆಂಡತಿ ಮನೆ ಬರುವವರೆಗೆ ನಕ್ಕಳು.

ಭಾನುವಾರ ಅವರ ಕೆಲಸದ ಕೊಟ್ಟಿಗೆಗೆ ನನ್ನನ್ನು ಕರೆಸಿದರು. ಹಾಳೆಯನ್ನೆಲ್ಲ ಕೀಳಿಸಿದರು, ಅದರ ಜೊತೆ ಡ್ಯಾಶ್‌ಬೋರ್ಡಿನ ಚರ್ಮವೂ ಬಂತು. ಹಿಡಿಕೆಯ ಮೂಲೆಗೆ ಕೈ ಹಾಕಿದಾಗ ಮಾತ್ರ, ಅದು ಇರಲಿ ಎಂದರು. ಆ ಜಾಗ ಬಿಟ್ಟು ಉಳಿದದ್ದಕ್ಕೆ ನಿಜವಾದ ತೇಗ ಕೂರುತ್ತಿದೆ. ಕಣ್ಣಿಗೆ ಧೂಳು ತಾಕಬಾರದೆಂಬ ವೈದ್ಯರ ಆಜ್ಞೆಯಂತೆ ಅವರು ಬಾಗಿಲಾಚೆ ಕುರ್ಚಿ ಹಾಕಿಕೊಂಡು ಹೇಳುತ್ತಾರೆ, ಉಳಿ-ಸುತ್ತಿಗೆ ಹಿಡಿದವನು ನಾನು. ಆದಕಾರಣ ತಾವು ಕೂಡಲೇ ಉಗುರಿನ ಚಿತ್ರವಿರುವ ಒಂದು ಪುಟ್ಟ ಹಾಳೆಯನ್ನು, ಎಡಗೈ ಹೆಬ್ಬೆರಳಿನ ಅಳತೆಗೆ, ನನಗೆ ಕಳುಹಿಸಬೇಕು. ಬಣ್ಣ ನೀಲಿಯಲ್ಲದೆ ಬೇರೆ ಯಾವುದಿದ್ದರೂ ಪರವಾಗಿಲ್ಲ.