ನೀರು ಕುಡಿಯುವ ಸಲಹೆಯ ಕೆಳಗೆ

ಆರೋಗ್ಯ ಸಲಹೆಯನ್ನು ಯಾರೂ ಓದುವುದಿಲ್ಲ ಎಂಬ ಗಟ್ಟಿ ನಂಬಿಕೆಯೇ ಮಂಜೂರನ ಫಜೀತಿಗೆಲ್ಲ ಮೂಲ.

ನಂಬಿಕೆಗೆ ಆಧಾರವಿತ್ತು. ಸಿಂದಗಿಯಲ್ಲಿರುವ ವಿಶ್ವವಿದ್ಯಾಲಯದ ಕೇಂದ್ರದಲ್ಲಿ ಅವನು ದ್ವಿತೀಯ ದರ್ಜೆ ಸಹಾಯಕ. ಸಿಂದಗಿ, ಇಂಡಿ, ಮುದ್ದೇಬಿಹಾಳ ಕೇಂದ್ರಗಳ ನೌಕರರಿಗೆಲ್ಲ ಪ್ರತಿ ಸೋಮವಾರ ‘ಸಿಬ್ಬಂದಿ ವಾರ್ತೆ’ ಎಂಬ ಒಂದು ಹಾಳೆ ಹೊರಡಿಸುವುದು ಅವನ ಪಾಲಿಗೆ ಬಂದ ಕೆಲಸ. ಮೇಲೆ ಕಚೇರಿ ಸುದ್ದಿ, ನಡುವೆ ಖಾಲಿ ಹುದ್ದೆಗಳು, ಕೆಳಗೆ ಆರೋಗ್ಯ ಸಲಹೆ. ಯಾರಿಗೆ ಬಡ್ತಿ, ಯಾರ ಮಗಳ ಮದುವೆ ಎಂಬುದನ್ನು ಜನ ಎರಡೆರಡು ಸಲ ಓದುತ್ತಿದ್ದರು. ಖಾಲಿ ಹುದ್ದೆಗಳನ್ನು ವಧುವಿನ ಜಾತಕದಂತೆ ಓದುತ್ತಿದ್ದರು. ಆರೋಗ್ಯ ಸಲಹೆ ಬರುತ್ತಲೇ ಹಾಳೆ ಮಡಚಿ ಅದರಲ್ಲಿ ಚುರಮುರಿ ಸುರುವಿಕೊಳ್ಳುತ್ತಿದ್ದರು. ಒಮ್ಮೆ ಪರೀಕ್ಷೆ ಮಾಡಲೆಂದೇ ಮಂಜೂರ ಹಿಂದಿನ ವಾರದ ಸಲಹೆಯನ್ನೇ ಮತ್ತೆ ಹಾಕಿದ. ಯಾರೂ ಕೇಳಲಿಲ್ಲ. ಇನ್ನೊಮ್ಮೆ ಜಡಿಮಳೆಯ ದಿನಗಳಲ್ಲಿ ‘ಬಿಸಿಲಿಗೆ ಟೊಪ್ಪಿಗೆ ಧರಿಸಿ’ ಎಂದು ಬರೆದ. ಆಗಲೂ ಇಲ್ಲ. ಕೇಂದ್ರದ ಮುಖ್ಯಸ್ಥೆ ಇಂದ್ರಾಬಾಯಿ ಮೇಡಂ ಅಂತೂ ತಮ್ಮ ಸಹಿಯನ್ನು ಸಲಹೆಯ ಅಕ್ಷರಗಳ ಮೇಲೆಯೇ ಎಳೆದುಬಿಡುತ್ತಿದ್ದರು.

ಮಂಜೂರನ ಮನೆ ನಿಡಗುಂದಿಯಲ್ಲಿ. ಬೆಳಕು ಹರಿಯುವ ಮೊದಲೇ ಎದ್ದು ಬಸವನ ಬಾಗೇವಾಡಿಗೆ ಒಂದು ಬಸ್ಸು, ಅಲ್ಲಿಂದ ಸಿಂದಗಿಗೆ ಇನ್ನೊಂದು. ಸಂಜೆ ಅದನ್ನೇ ತಿರುವಿ ಹಾಕಬೇಕು. ನಿದ್ದೆಯ ಬಹುಪಾಲನ್ನು ಮುಂದಿನ ಸೀಟಿನ ಸರಳಿಗೆ ತಲೆ ಆನಿಸಿಯೇ ಮುಗಿಸುತ್ತಿದ್ದುದರಿಂದ ಹಣೆಯ ಮೇಲೊಂದು ಕಪ್ಪು ಗುರುತು ಬಿದ್ದಿತ್ತು. ಓಣಿಯ ಹಿರಿಯರು ಅದನ್ನು ನಮಾಜಿನ ಗುರುತೆಂದು ತಿಳಿದು ಅವನಿಗೆ ಎದ್ದು ಜಾಗ ಬಿಡುತ್ತಿದ್ದರು. ಮಗಳು ಇರಮ ಸಾಲಿಯಲ್ಲಿ ಮನೆಯವರ ಚಿತ್ರ ಬರೆದಾಗ ಎಲ್ಲರನ್ನೂ ನಿಲ್ಲಿಸಿ, ಅಪ್ಪನೊಬ್ಬನನ್ನು ಅಡ್ಡಡ್ಡ ಮಲಗಿಸಿದ್ದಳು. ಯಾಕೆಂದು ಟೀಚರು ಕೇಳಿದರೆ, “ನಮ್ಮ ಅಬ್ಬಾ ಹಿಂಗ ಇರ್ತಾರ್ರಿ” ಎಂದಳಂತೆ.

ಹೀಗಿರುವಾಗ ಬಾಗೇವಾಡಿಯ ಹೊಸ ಕಚೇರಿಗೆ ಒಬ್ಬ ಸಹಾಯಕರು ಬೇಕಾಗಿದ್ದಾರೆ ಎಂಬ ಪತ್ರ ಮುಖ್ಯ ಕಚೇರಿಯಿಂದ ಬಂತು. ಇರುವ ನೌಕರರಿಗೇ ಅವಕಾಶ, ಸೇವಾ ಹಿರಿತನಕ್ಕೆ ಆದ್ಯತೆ, ಶುಕ್ರವಾರ ಸಂಜೆ ಐದರೊಳಗೆ ಅರ್ಜಿ, ‘ಸಿಬ್ಬಂದಿ ವಾರ್ತೆ’ಯಲ್ಲಿ ಪ್ರಕಟಣೆ ಕಡ್ಡಾಯ. ಓದಿದ ಮಂಜೂರನಿಗೆ ಒಂದು ಬಸ್ಸು ಕಡಿಮೆಯಾದ ಜೀವನ ಕಣ್ಣಿಗೆ ಕಟ್ಟಿತು. ಹಿಂದೆಯೇ ಪ್ರವೇಶ ವಿಭಾಗದ ಸುರೇಖಾ ಮೇಡಂ ಕೂಡ ಕಣ್ಣಿಗೆ ಕಟ್ಟಿದರು. ಅವರು ಅವನಿಗಿಂತ ಹಿರಿಯರು. ಗಂಡ ಮುದ್ದೇಬಿಹಾಳದಲ್ಲಿ ಮಾಸ್ತರರು, ಇವರು ಸಿಂದಗಿಯಲ್ಲಿ ಬಾಡಿಗೆ ಕೋಣೆಯಲ್ಲಿ. “ಬಾಗೇವಾಡ್ಯಾಗ ಒಂದ್ ಜಾಗಾ ಸಿಕ್ಕರ ಸಾಕ್ರಿ” ಎಂಬುದು ಅವರ ನಿತ್ಯದ ಜಪ. ಪರೀಕ್ಷಾ ವಿಭಾಗದ ಅಮೋಘಸಿದ್ಧ ಎಲ್ಲರಿಗಿಂತ ಹಿರಿಯ. ಆದರೆ ಅವನ ಭಯವಿರಲಿಲ್ಲ. ಸೇವೆಗೆ ಸೇರಿದಂದಿನಿಂದ ಅವನು ನೋಟಿಸ್ ಬೋರ್ಡಿನ ಕಡೆ ಗೋಣು ಹೊರಳಿಸಿದ್ದನ್ನು ಯಾರೂ ಕಂಡಿರಲಿಲ್ಲ.

ಮಂಜೂರ ಸುಳ್ಳು ಬರೆಯುವ ಮನುಷ್ಯನಲ್ಲ. ‘ಖಾಲಿ ಹುದ್ದೆಗಳು’ ಎಂಬ ತಲೆಬರಹದ ಅಡಿ ‘ವಿವರಕ್ಕೆ ಕೆಳಗೆ ನೋಡಿ’ ಎಂದು ಬರೆದ. ಕೆಳಗೆ ಆರೋಗ್ಯ ಸಲಹೆಯನ್ನು ಎಂದೂ ಇಲ್ಲದಷ್ಟು ಉದ್ದ ಮಾಡಿದ. ಗೋಣಿನ ವ್ಯಾಯಾಮ, ಕಣ್ಣಿನ ವಿಶ್ರಾಂತಿ, ಕೊನೆಗೆ ನೀರು. ಅಲ್ಲಿ ಹೀಗಿತ್ತು: ‘ಸಾಕಷ್ಟು ನೀರು ಕುಡಿಯುವುದರಿಂದ ಮೂತ್ರಪಿಂಡಗಳು ಸುಸ್ಥಿತಿಯಲ್ಲಿರುತ್ತವೆ. ಬಸವನ ಬಾಗೇವಾಡಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕರ ಒಂದು ಹುದ್ದೆ ಖಾಲಿ ಇದ್ದು, ಆಸಕ್ತರು ಶುಕ್ರವಾರ ಸಂಜೆ ಐದರೊಳಗೆ ಅರ್ಜಿ ಸಲ್ಲಿಸುವುದು. ತಣ್ಣೀರಿಗಿಂತ ಉಗುರುಬೆಚ್ಚಗಿನ ನೀರು ಉತ್ತಮ.’

ಇಂದ್ರಾಬಾಯಿ ಮೇಡಂ ಎಂದಿನಂತೆ ಮೂತ್ರಪಿಂಡಗಳ ಮೇಲೆ ಸಹಿ ಹಾಕಿದರು.

ಸೋಮವಾರದಿಂದ ಗುರುವಾರದವರೆಗೆ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಶುಕ್ರವಾರ ನಸುಕಿನಲ್ಲಿ ಬುತ್ತಿ ಕೊಡುತ್ತ ಹೆಂಡತಿ ಸಿದ್ದೀಕಾ ಎಚ್ಚರಿಸಿದಳು: “ಇವತ್ತೊಂದ್ ದಿನ ಬಾಯಿ ಬಿಗಿ ಹಿಡೀರಿ. ಐದ್ ಹೊಡಿಯೂತನಕ ಯಾರ ಜೋಡಿನೂ ಆರೋಗ್ಯದ ಮಾತ ಎತ್ತಬ್ಯಾಡ್ರಿ.”

“ನಾ ಯಾಕ ಎತ್ತಲಿ?” ಎಂದ ಮಂಜೂರ.

ಅವನು ಎತ್ತಲಿಲ್ಲ. ಇಂದ್ರಾಬಾಯಿ ಮೇಡಂ ಎತ್ತಿದರು.

“ಎಲ್ಲಾರೂ ಬೇವಿನ ಗಿಡದ ಕೆಳಗ ಬರ್ರಿ” ಎಂದರು ಮಧ್ಯಾಹ್ನದ ಊಟ ಮುಗಿಯುತ್ತಲೇ. “ಮುಖ್ಯ ಕಚೇರಿಯಿಂದ ಫೋನ್ ಬಂದಿತ್ತು. ಇವತ್ತ ನೌಕರರ ಕ್ಷೇಮ ದಿನ ಅಂತ. ಈ ವಾರದ ಆರೋಗ್ಯ ಸಲಹಿ ಓದಿಸಿ, ಎಲ್ಲಾರ ಕಡಿಂದ ಮಾಡಿಸಿ, ಸಂಜಿಯೊಳಗ ಫೋಟೋ ಕಳಸಬೇಕಂತ. ಸುರೇಖಾ, ನಿನ್ನ ದನಿ ಚಲೋ ಐತಿ, ನೀ ಓದು.”

ಮಂಜೂರನ ಮೈಯಿಂದ ಆಲಮಟ್ಟಿ ಅಣೆಕಟ್ಟಿನ ಗೇಟು ತೆರೆದಂತೆ ಬೆವರಿಳಿಯಿತು. “ಮೇಡಂ, ನಾ ಓದತೇನ್ರಿ. ನಾನ ಬರದಾಂವ...”

“ಬರದಾವರು ಬರೀರಿ, ಓದಾವರು ಓದಲಿ. ನೀವು ಎದುರಿಗೆ ನಿಂತು ಮಾಡಿ ತೋರಸ್ರಿ.”

ಸುರೇಖಾ ಬೋರ್ಡಿನಿಂದ ಹಾಳೆ ಕಿತ್ತು ತಂದು ಓದತೊಡಗಿದರು. ‘ಗೋಣನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ಹೊರಳಿಸಿ.’ ಮಂಜೂರನಿಗೆ ಉಳಿದ ದಾರಿ ಒಂದೇ, ನೀರಿನವರೆಗೆ ಓದು ತಲುಪದಂತೆ ಹೊತ್ತು ಕಳೆಯುವುದು. ಒಂದು ಸಲ ಆದಮೇಲೆ ಇನ್ನೊಂದು ಸಲ ಎಂದ. ಹಿಂದಿನ ಸಾಲಿನವರದು ಸರಿ ಬರಲಿಲ್ಲ, ಮತ್ತೊಂದು ಸಲ ಎಂದ. ಫೋಟೋಕ್ಕಾಗಿ ಮಗದೊಂದು ಸಲ.

“ಮಂಜೂರಸಾಬ್ರ, ಇದು ಗೋಣೋ ಗಾಣವೋ?” ಎಂದು ಅಮೋಘಸಿದ್ಧ ಗೊಣಗಿದ. ಆ ಮಾತು ಮುಗಿಯುವಷ್ಟರಲ್ಲಿ ಅವನ ಕತ್ತಿನಲ್ಲಿ ಕಟಕ್ಕೆಂದಿತು. “ಯಪ್ಪಾ!”

ಗೋಣು ಹಿಡಿದುಬಿಟ್ಟಿತ್ತು. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಕಸ ಹೊಡೆಯುವ ಗುರವ್ವ ಓಡಿ ಹೋಗಿ ಎಣ್ಣೆ ತಂದಳು. “ಸರಕಾರಿ ಗೋಣರಿ ಇದು, ಒಮ್ಮೆಲೆ ತಿರುವಬಾರದು” ಎನ್ನುತ್ತ ಅವನನ್ನು ಕುರ್ಚಿಗೆ ಆನಿಸಿ, ತಲೆ ಹಿಂದಕ್ಕೆ ಬಾಗಿಸಿ, ಕತ್ತಿಗೆ ಬಿಳಿ ಟಾವೆಲ್ ಸುತ್ತಿ ತಿಕ್ಕತೊಡಗಿದಳು. ಮಂಜೂರನಿಗೆ ಅಯ್ಯೋ ಎನಿಸಿತು. ಜೊತೆಗೆ, ಹೊತ್ತು ಕಳೆಯಿತಲ್ಲ ಎಂಬ ಸಮಾಧಾನವೂ ಆಯಿತು. ಆ ಸಮಾಧಾನಕ್ಕೆ ನಾಚಿಕೆಯಾಯಿತು. ನಾಚಿಕೊಳ್ಳಲು ಸಹ ಸುಸ್ತಾಯಿತು.

“ಮುಂದ?” ಎಂದರು ಇಂದ್ರಾಬಾಯಿ ಮೇಡಂ.

‘ಕಣ್ಣು ಮುಚ್ಚಿ ಮೌನವಾಗಿ ಕುಳಿತುಕೊಳ್ಳಿ.’

ಇದು ಮಂಜೂರನಿಗೆ ದೇವರೇ ಕೊಟ್ಟಂತಿತ್ತು. “ಯಾರೂ ಕಣ್ ತಗೀಬಾರದ್ರಿ, ನಾ ಹೇಳೂತನಕ” ಎಂದ. ಊಟದ ಹೊಟ್ಟೆ, ಬೇವಿನ ನೆರಳು. ಕಣ್ಣು ಮುಚ್ಚಿದವರು ಮತ್ತೆ ತೆರೆಯುವ ವಿಚಾರವನ್ನೇ ಬಿಟ್ಟರು. ಇಂದ್ರಾಬಾಯಿ ಮೇಡಂ ಅವರ ತಲೆ ಎದೆಯ ಮೇಲೆ ಬಾಗಿತು. ಗುರವ್ವ ಕೂಡ ಎಣ್ಣೆ ಕೈಯನ್ನು ಅಮೋಘಸಿದ್ಧನ ಎದೆಯ ಮೇಲಿಟ್ಟು ಕಣ್ಣು ಮುಚ್ಚಿದಳು. ಎಚ್ಚರವಿದ್ದವನು ಮಂಜೂರನೊಬ್ಬನೇ. ಇಡೀ ಕಚೇರಿ ನಿದ್ದೆ ಮಾಡುತ್ತಿರುವಾಗ, ಎಲ್ಲರಿಗಿಂತ ನಿದ್ದೆಗೆಟ್ಟವನು ಕಾವಲು ನಿಂತಿದ್ದ.

ಗೇಟಿನ ಬಳಿ ಚಹಾ ಅಂಗಡಿ ಇಟ್ಟಿರುವ ಶಮಶುದ್ದೀನ ಕಪ್ಪುಗಳ ತಟ್ಟೆ ಹಿಡಿದು ಒಳಗೆ ಬಂದವನು ನಿಂತಲ್ಲೇ ನಿಂತ. ತಲೆ ತಗ್ಗಿಸಿ, ಕಣ್ಣು ಮುಚ್ಚಿ, ಮೌನವಾಗಿ ಕುಳಿತ ಸಿಬ್ಬಂದಿ. ಅವನು ಮೆಲ್ಲಗೆ ತಟ್ಟೆ ಕೆಳಗಿಟ್ಟು ಕೈಕಟ್ಟಿಕೊಂಡು ನಿಂತ. ಅಂಕಪಟ್ಟಿಗಾಗಿ ಬಂದಿದ್ದ ಹುಡುಗರು ಅವನನ್ನು ನೋಡಿ ಸಾಲಾಗಿ ನಿಂತರು. ಮಗಳ ಪ್ರವೇಶದ ಕೆಲಸಕ್ಕೆ ಬಂದಿದ್ದ ಹಿರಿಯರೊಬ್ಬರು ತಲೆಯ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

ಶಮಶುದ್ದೀನ ಮಂಜೂರನ ಕಿವಿಯಲ್ಲಿ ಕೇಳಿದ: “ಯಾರ್ರಿ ಹೋದಾವ್ರು?”

“ಯಾರೂ ಹೋಗಿಲ್ಲೋ ಮಾರಾಯಾ! ಸುಮ್ಕಿರು, ಎಬ್ಬಸಬ್ಯಾಡ!”

‘ಎಬ್ಬಿಸಬೇಡ’ ಎಂಬುದನ್ನು ಕೇಳಿದ ಶಮಶುದ್ದೀನ ಸುತ್ತ ನೋಡಿದ. ಕುರ್ಚಿಯಲ್ಲಿ ತಲೆ ಹಿಂದಕ್ಕೆ ಬಾಗಿ, ಬಾಯಿ ತೆರೆದು, ಬಿಳಿ ಬಟ್ಟೆ ಸುತ್ತಿಸಿಕೊಂಡು ಅಮೋಘಸಿದ್ಧ. ಎದೆಯ ಮೇಲೆ ಕೈಯಿಟ್ಟು ಗುರವ್ವ.

ಅವನು ಒಂದು ಮಾತೂ ಆಡದೆ ಕಣ್ಣೊರೆಸಿಕೊಂಡು ಹೊರಗೆ ಹೋದ. ಅಂಗಡಿಯ ಒಲೆ ಆರಿಸಿದ. ಅರ್ಧ ಬಾಗಿಲು ಎಳೆದ. ಫೋನು ತೆಗೆದ.

ಅಮೋಘಸಿದ್ಧನ ಮನೆ ಸಿಂದಗಿಯಲ್ಲೇ ಇತ್ತಾದ್ದರಿಂದ ಅವನ ಹೆಂಡತಿ ಸಾತವ್ವ ಬರಲು ಹೊತ್ತು ಹಿಡಿಯಲಿಲ್ಲ. ಆಟೋ ನಿಲ್ಲುವ ಮೊದಲೇ ಅವಳ ಅಳು ಇಳಿದು ಒಳಗೆ ಬಂತು. “ನನ್ನ ಬಿಟ್ಟ್ ಹ್ವಾದ್ಯಾ! ಚಹಾ ಸೈತ ಕುಡೀದ ಬಂದಿದ್ದೆಲ್ಲೋ ನನ್ನ ರಾಜಾ!” ಹಿಂದೆ ಇಬ್ಬರು ನೆರೆಯವರು, ಒಬ್ಬರ ಕೈಯಲ್ಲಿ ಹೂವಿನ ಮಾಲೆ.

ಅಮೋಘಸಿದ್ಧ ಬೆಚ್ಚಿ ಕಣ್ಣು ತೆರೆದ. ಆದರೆ ಹೆಂಡತಿ ಇದ್ದ ಕಡೆ ತಿರುಗಲು ಗೋಣು ಬರಲಿಲ್ಲ. ಆಕಾಶ ನೋಡುತ್ತಲೇ, “ಯಾಕ, ಯಾರ್ ಸತ್ತರ?” ಎಂದು ಕೇಳಿದ.

ಸಾತವ್ವನ ಅಳು ಗಕ್ಕನೆ ನಿಂತಿತು. ಗಂಡನನ್ನು ಮೇಲಿನಿಂದ ಕೆಳಗೆ ನೋಡಿದಳು.

“ಸತ್ತಿಲ್ಲಂದ್ರ ಫೋನ್ ಎತ್ತಾಕ ಏನ್ ಧಾಡಿ ಆಗಿತ್ತು?”

“ಕ್ಷೇಮ ದಿನ ಐತಿ, ಫೋನ್ ಬಂದ್ ಮಾಡಿದ್ರು...”

“ಇದೇನ್ ಕ್ಷೇಮರಿ? ಜೀವಂತ ಮನಷ್ಯಾಗ ಮಾಲಿ ತರೂಹಂಗ!” ಅವಳು ಎಲ್ಲರ ಕಡೆ ತಿರುಗಿದಳು. “ನಮ್ಮ ತವರುಮನಿ ಬಾಗೇವಾಡಿ. ಅಲ್ಲಿಗೆ ವರ್ಗ ಮಾಡಸ್ಕೋ ಅಂತ ಎಷ್ಟ್ ವರ್ಷದಿಂದ ಬಡಕೊಳ್ಳಾಕತ್ತೇನಿ! ಅಣ್ಣ ತಮ್ಮಂದಿರರ ನೋಡ್ತಿದ್ರು. ಈ ಮನಷ್ಯಾ ಎಲ್ಲಿ ಜಾಗಾ ಖಾಲಿ ಐತಿ ಅಂತ ಒಂದಿನ ಗೋಣೆತ್ತಿ ನೋಡಿಲ್ಲ!”

‘ಬಾಗೇವಾಡಿ’ ಎಂಬ ಮಾತಿಗೆ ಮಂಜೂರ ಸುರೇಖಾ ಅವರ ಕೈಯಲ್ಲಿದ್ದ ಹಾಳೆಯ ಕಡೆ ನೋಡಿದ. ಆದರೆ ಅಮೋಘಸಿದ್ಧ ಆಕಾಶವನ್ನಷ್ಟೇ ನೋಡುತ್ತಿದ್ದ. ಹೂಮಾಲೆಯನ್ನು ಏನು ಮಾಡಬೇಕೆಂದು ತಿಳಿಯದೆ ನೆರೆಯವರು ಬೇವಿನ ಗಿಡಕ್ಕೆ ಹಾಕಿ ಹೋದರು. ಸಾತವ್ವ ಶಮಶುದ್ದೀನನಿಗೆ ಸಾಕಷ್ಟು ಬೈದು, ಅವನಿಂದಲೇ ಚಹಾ ಕುಡಿದು ಹೋದಳು.

“ಇನ್ನೇನ್ ಉಳದೈತಿ?” ಎಂದರು ಇಂದ್ರಾಬಾಯಿ ಮೇಡಂ ಸೋತ ದನಿಯಲ್ಲಿ.

“ನೀರಿಂದ್ ಐತ್ರಿ” ಎನ್ನುತ್ತ ಸುರೇಖಾ ಹಾಳೆ ಮೇಲೆತ್ತಿದರು. ‘ಸಾಕಷ್ಟು ನೀರು ಕುಡಿಯುವುದರಿಂದ ಮೂತ್ರಪಿಂಡಗಳು...’

ಮಂಜೂರ ಕಣ್ಣು ಮುಚ್ಚಿಕೊಂಡ.

ಸುರೇಖಾ ಒಮ್ಮೆ ಕೆಮ್ಮಿದರು. ಇನ್ನೊಮ್ಮೆ ಕೆಮ್ಮಿದರು. ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡರು. “ಗಂಟಲಾ ಒಣಗೇತ್ರಿ ಮೇಡಂ. ನೀರಿಂದೇನ್ ಓದೂದು, ಕುಡದರಾತು.”

“ಖರೇ ಐತಿ. ಎಲ್ಲಾರೂ ಒಂದೊಂದ್ ಗ್ಲಾಸ್ ನೀರು ಹಿಡೀರಿ, ಫೋಟೋ ತಗದು ಮುಗಸೂನು.”

ಫೋಟೋದಲ್ಲಿ ಎಲ್ಲರಿಗಿಂತ ಅಗಲವಾಗಿ ನಕ್ಕವನು ಮಂಜೂರ. ಐದಕ್ಕೆ ಸ್ವಲ್ಪ ಮುಂಚೆ ಅರ್ಜಿಯನ್ನು ಮುಖ್ಯ ಕಚೇರಿಗೆ ಕಳಿಸಿದ. ಗಡಿಯಾರ ಐದು ಹೊಡೆಯಿತು. ಅವನು ಕುರ್ಚಿಗೆ ಒರಗಿ, ಬೆಳಗಾದ ಮೇಲೆ ಏಳುವ ಸುಖವನ್ನು ನೆನೆಯುತ್ತಿರುವಾಗ ಮೇಡಂ ಕರೆದರು.

“ಬರ್ರಿ ಮಂಜೂರ, ಕುಂದರ್ರಿ. ಬಾಗೇವಾಡಿಗೆ ಅರ್ಜಿ ಹಾಕೀರಂತ? ಮುಖ್ಯ ಕಚೇರಿಯವರು ಈಗ ಹೇಳಿದ್ರು. ಎಲ್ಲಾ ಕೇಂದ್ರದಿಂದ ಬಂದಿದ್ದು ನಿಮ್ಮದೊಂದ.”

“ಹೌದೇನ್ರಿ?” ಮಂಜೂರ ಆಶ್ಚರ್ಯಪಟ್ಟವನಂತೆ ಹುಬ್ಬೇರಿಸಿದ.

“ಒಂದ ಅರ್ಜಿ ಇದ್ದರ ಆಯ್ಕಿ ಮಾಡಾಕ ಬರಂಗಿಲ್ಲಂತ ನಿಯಮ ಐತಿ. ಕಮ್ಮೀತ ಕಮ್ಮಿ ಎರಡ ಬೇಕು. ಇನ್ನೊಂದ್ ಯಾರದರ ಹೆಸರಿಲೆ ಬಂದಿದ್ರೂ ಸಾಕಿತ್ತು. ಈಗ ರದ್ದಾತು, ಹೊಸದಾಗಿ ಪ್ರಕಟಣಿ ಮಾಡಬೇಕು.” ಮೇಡಂ ಮುಂದೆ ಬಿಚ್ಚಿಟ್ಟಿದ್ದ ‘ಸಿಬ್ಬಂದಿ ವಾರ್ತೆ’ಯ ಮೇಲೆ ಬೆರಳಿಟ್ಟು, ಕನ್ನಡಕದ ಮೇಲಿನಿಂದ ನೋಡಿದರು. “ಈ ಸಲ ಎಲ್ಲಾಕ್ಕಿಂತ ಮ್ಯಾಲ ಹಾಕ್ರಿ, ದಪ್ಪ ಅಕ್ಷರದಾಗ. ನೀರಿನಾಗ ಕಲಸಬ್ಯಾಡ್ರಿ.”

ಹೊರಗೆ ಬಂದ ಮಂಜೂರನಿಗಾಗಿ ಸುರೇಖಾ ಮೇಡಂ ಬಾಗಿಲಲ್ಲೇ ಕಾದಿದ್ದರು. ಮುಖದ ತುಂಬ ನಗು.

“ಆತೇನ್ರಿ ನಿಮ್ಮ ಕೆಲಸ? ನಾ ಸೋಮವಾರನ ಓದೇನ್ರಿ ನೀರಿಂದು. ಹೆಂಗೂ ನಮ್ಮನಿಯವರಿಗೆ ಸಿಂದಗಿಗೇ ವರ್ಗ ಆಗೇತಿ, ನನಗ್ಯಾಕ ಬಾಗೇವಾಡಿ? ನೀವು ದಿನಾ ಎರಡ್ ಬಸ್ ಹತ್ತಿ ಸೊರಗಿದ್ದು ನೋಡಾಕ ಆಗಂಗಿಲ್ರಿ. ನಿಮಗ ಆಗ್ಲಿ ಅಂತ ಅರ್ಜಿ ಹಾಕಲಿಲ್ಲ. ಇಂಡಿ, ಮುದ್ದೇಬಿಹಾಳದಾವ್ರಿಗೂ ಫೋನ್ ಮಾಡಿ, ಯಾರೂ ಹಾಕಬ್ಯಾಡ್ರಿ ಅಂತ ಕೈ ಮುಗದು ಹೇಳೇನಿ!”

ಮಂಜೂರ ಕೈ ಮುಗಿದ. “ಉಪಕಾರ ಆತ್ರಿ ಮೇಡಂ” ಎಂದ.

ಹೊಸ ಪ್ರಕಟಣೆಯನ್ನು ಹೆಬ್ಬೆರಳಿನಷ್ಟು ದಪ್ಪ ಅಕ್ಷರದಲ್ಲಿ ತೆಗೆದು ಬೋರ್ಡಿಗೆ ಅಂಟಿಸಿ ಹಿಂದೆ ಸರಿದಾಗ ಯಾರಿಗೋ ಡಿಕ್ಕಿ ಹೊಡೆದ. ಅಮೋಘಸಿದ್ಧ. ಮನೆಗೆ ಹೊರಟವನು ಬೋರ್ಡಿನ ಎದುರು ಬಂದು ನಿಂತಿದ್ದ. ಕತ್ತಿಗೆ ಟಾವೆಲ್ ಬಿಗಿದಿತ್ತು. ಗುರವ್ವನ ಎಣ್ಣೆಯ ಪುಣ್ಯದಿಂದ ಗೋಣು ಆಕಾಶದಿಂದ ಇಳಿದಿತ್ತೇನೋ ನಿಜ, ಆದರೆ ಎದುರಿಗಿದ್ದುದನ್ನು ಬಿಟ್ಟು ಬೇರೆ ಕಡೆ ಹೊರಳುವಂತಿರಲಿಲ್ಲ.

ಅವನು ಸೇವೆಗೆ ಸೇರಿದ ಮೇಲೆ ಮೊದಲ ಸಲ ನೋಟಿಸ್ ಬೋರ್ಡನ್ನು ಓದಿದ. ಮೇಲಿನಿಂದ ಕೆಳಗೆ, ಅಕ್ಷರ ಅಕ್ಷರ ಬಿಡಿಸಿ.

“ಬಾಗೇವಾಡಿ!” ಎಂದ. “ಮಂಜೂರಸಾಬ್ರ, ನೋಡ್ರಿ ಇಲ್ಲೆ, ನಮ್ಮಾಕಿ ತವರಮನಿ! ಸೇವಾ ಹಿರಿತನಕ್ಕ ಆದ್ಯತೆ ಅಂತ್ರಿ! ನಿಮ್ಮ ಆ ಗೋಣಿನ ವ್ಯಾಯಾಮ ಮಾಡದಿದ್ರ ನಾ ಇದನ್ನ ನೋಡ್ತಿದ್ನೇನು? ಅರ್ಜಿ ಹೆಂಗ ಬರೀಬೇಕು, ಒಂದೀಟ್ ಬರದು ಕೊಡ್ರಿ, ನನಗ ಬಗ್ಗಾಕ ಬರವಲ್ದು.”

ಮಂಜೂರ ಗಡಿಯಾರ ನೋಡಿದ. ಬಾಗೇವಾಡಿಯ ಬಸ್ಸು ಹೋಗಿಯಾಗಿತ್ತು. ಮುಂದಿನದಕ್ಕೆ ಹೊತ್ತಿತ್ತು. ಅವನು ಪೆನ್ನಿನ ಮುಚ್ಚಳ ತೆಗೆದು, ಒಂದು ಗ್ಲಾಸು ನೀರು ಕುಡಿದು, ಬರೆಯಲು ಕುಳಿತ.