ಹರಳು ಕಟ್ಟಿಸುವವನ ಫಜೀತಿ

ಮುಂಡರಗಿ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಪಾಕ ಕುದಿಸಿ ಹರಳು ಕಟ್ಟಿಸುವುದು ನನ್ನ ಕೆಲಸ. ಕೆಲಸ ಸಿಹಿಯದಾದರೂ ಫಜೀತಿ ತಪ್ಪಿದ್ದಲ್ಲ. ಈ ಸಲ ಮಗನಿಗೆ ಲಕ್ಷ್ಮೇಶ್ವರದ ಹುಡುಗಿ ನಿಶ್ಚಯವಾಗಿದ್ದರಿಂದ ಎಲ್ಲವೂ ಹೊಸ ಬೀಗರ ಕಣ್ಣೆದುರೇ ಆದವು.

೧. ಮೌನ

ಬೀಗರು ಕಾರ್ಖಾನೆ ನೋಡಲು ಬಂದರು. ರಾಡಿನೀರಿನಂಥ ಕಬ್ಬಿನ ರಸಕ್ಕೆ ಸುಣ್ಣ ಹಾಕಿ, ಗಂಧಕದ ಹೊಗೆ ಹಾಯಿಸಿ, ಕೊಳೆ ಕೆಳಗಿಳಿಸುವುದನ್ನು ತೋರಿಸಿದೆ. ಮೂಗಿಗೆ ಟವೆಲ್ ಹಿಡಿದೇ ನೋಡಿದರು. ಆಮೇಲೆ ಪಾಕದ ದೊಡ್ಡ ಹಂಡೆಯ ಹತ್ತಿರ ಬಂದೆವು. ಹರಳು ಮೂಡುವಾಗ ಅಲ್ಲಿ ಯಾರೂ ಮಾತಾಡಬಾರದೆಂಬುದು ನಮ್ಮವರ ಹಳೇ ಪದ್ಧತಿ. ಎಲ್ಲರೂ ಕೈಕಟ್ಟಿ, ಹಂಡೆಯ ಗಾಜಿನ ಕಿಂಡಿ ನೋಡುತ್ತ ನಿಂತಿದ್ದೆವು. ಬೀಗರು ಮೆಲ್ಲಗೆ ಟೋಪಿ ತೆಗೆದು ನನ್ನ ಕಿವಿಯಲ್ಲಿ ಕೇಳಿದರು:

“ಒಳಗ ಯಾರರ ಬಿದ್ದಾರೇನ್ರಿ?”

೨. ಚಹಾ

ಮನೆಗೆ ಬಂದಾಗ ನನ್ನ ಹೆಂಡತಿ ಚಹಾಕ್ಕಿಟ್ಟಳು. ಬೀಗರು ಗಾಬರಿಯಾದರು.

“ಅಕ್ಕಾರ, ಸಕ್ಕರಿ ಬ್ಯಾಡ್ರಿ. ಇವತ್ತ ಅದನ್ನ ಮಾಡೂದು ನೋಡೇನಿ. ಬೆಲ್ಲ ಹಾಕ್ರಿ.”

“ಬೆಲ್ಲ ಮಾಡೂದು ನೋಡೀರೇನ್ರಿ?”

“ಇಲ್ರಿ.”

“ಹಂಗಾರ ಕುಡೀತೀರಿ ಬಿಡ್ರಿ.”

೩. ಆರತಿ

ಗೌರಿ ಹುಣ್ಣಿಮೆಗೆ ಗಂಡಿನ ಕಡೆಯವರು ಹುಡುಗಿಗೆ ಸಕ್ಕರೆ ಆರತಿ ಒಯ್ಯಬೇಕು, ಅಂದರೆ ಅಚ್ಚಿನಲ್ಲಿ ಪಾಕ ಹೊಯ್ದು ಮಾಡಿದ ಆನೆ, ನವಿಲು, ಗೌರಿಯ ಗೊಂಬೆಗಳು. ಬೆಟಗೇರಿಯಿಂದ ಕೊಂಡು ತರೋಣ ಎಂದಳು ಹೆಂಡತಿ. ನನಗೆ ರೇಗಿತು.

“ಲಾರಿಗಟ್ಟಲೆ ಸಕ್ಕರಿ ಮಾಡಾಂವ ನಾ. ಗೊಂಬಿ ಕೊಂಡ್ರ ಮಂದಿ ನಗೂದಿಲ್ಲೇನು?”

ಕಟ್ಟಿಗೆಯ ಅಚ್ಚು ನೆನೆಹಾಕಿದೆ. ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದೆ. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಆರತಿ ಮಾಡುವವರು ಪಾಕವನ್ನು ಬೆಳ್ಳಗಾಗುವವರೆಗೆ ತಿಕ್ಕಿ ಸಣ್ಣ ಹರಳು ಮಾಡುತ್ತಾರೆ. ಗೊಂಬೆ ನಿಲ್ಲುವುದು ಅದರಿಂದಲೇ. ಆದರೆ ಸಣ್ಣ ಹರಳೆಂದರೆ ಕಾರ್ಖಾನೆಯಲ್ಲಿ ಮರ್ಯಾದೆ ಹೋದಂತೆ. ನಾನು ತಿಕ್ಕಲೇ ಇಲ್ಲ. ನಿಧಾನ ಆರಿಸಿ, ದಪ್ಪ ಹರಳು ಬೆಳೆಸಿ ಅಚ್ಚಿಗೆ ತುಂಬಿದೆ.

ಹುಣ್ಣಿಮೆಯ ಬೆಳಿಗ್ಗೆ ಅಚ್ಚು ಬಿಚ್ಚಿದರೆ ಹರಳು ಫಳಫಳ ಹೊಳೆಯುತ್ತಿದ್ದವು. ಆನೆ ಮಾತ್ರ ಇರಲಿಲ್ಲ. ಅಂಗಡಿಗಳಲ್ಲೂ ಆರತಿ ಮುಗಿದಿದ್ದವು. ಆ ಗುಪ್ಪೆಯನ್ನೇ ತಟ್ಟೆಗೆ ಸುರಿದು, ಬಟ್ಟೆ ಮುಚ್ಚಿ ಲಕ್ಷ್ಮೇಶ್ವರಕ್ಕೆ ಒಯ್ದೆವು.

ಬಟ್ಟೆ ತೆಗೆದೊಡನೆ ಹುಡುಗಿಯ ಅಜ್ಜಿಯ ಮುಖ ಕಪ್ಪಿಟ್ಟಿತು.

“ಯವ್ವಾ! ಮದಿವಿ ಮುಂದ ಒಡದ ಆರತಿ ತಂದಾರಲ್ಲ!”

ಬೀಗರು ನೆಲ ನೋಡಿದರು. ಸಂಬಂಧ ಇಲ್ಲಿಗೇ ಮುಗಿಯಿತು ಎಂದುಕೊಂಡೆ. ಹುಡುಗಿ ಬಗ್ಗಿ, ಗುಪ್ಪೆಯನ್ನು ಬೆರಳಲ್ಲಿ ಮುಟ್ಟಿ ನೋಡಿ, ಅಜ್ಜಿಯ ಕಡೆ ತಿರುಗಿದಳು.

“ಆಯೀ, ಇದು ಇನ್ನಾ ಗೊಂಬಿ ಆಗೇ ಇಲ್ಲ. ಒಡಿಯೂದೆಲ್ಲಿಂದ?”

ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕುಬಿಟ್ಟರು.

“ಆತು, ದೀಪ ಹಚ್ಚರಿ,” ಎಂದರು ಅಜ್ಜಿ. “ಮದಿವಿ ಜೋರ ಮಾಡೂಣು. ಲಾಡು ಕಟ್ಟೂವಾಗಷ್ಟ ಈ ಸಕ್ಕರಿ ಬೀಗರನ್ನ ಹೊರಗ ಕುಂಡ್ರಸರಿ!”