ಗಾಡಿಯ ಹುಬ್ಬು ಕೂರಿಸಿದ್ದು ಯಾರು?

ಪ್ರಪಂಚದ ಯಾವ ಮೂಲೆಯಲ್ಲಿಯಾದರೂ ಒಬ್ಬ ಹೆಂಗಸು ಗಾಡಿಯ ಬಾನೆಟ್ ಎತ್ತಿದರೆ ಸಾಕು, ಎಲ್ಲಿಂದಲೋ ಒಬ್ಬ ಗಂಡಸು ಹುಟ್ಟಿಕೊಳ್ಳುತ್ತಾನೆ. ಮಂಗೋಲಿಯಾದ ಬಯಲಿನಲ್ಲಿ ಕಣ್ಣು ಹಾಯುವಷ್ಟು ದೂರ ನರಪಿಳ್ಳೆ ಇರಲಿಲ್ಲ. ಆದರೂ ಕುದುರೆಯ ಮೇಲೆ ಒಬ್ಬ ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ, ಎಂಜಿನ್ನನ್ನು ದಿಟ್ಟಿಸಿ ನೋಡಿ, ಏನೂ ಹೇಳದೆ ಹೋದ. ನಮ್ಮ ಕಾಪುವಿನಲ್ಲಿ ಬಾನೆಟ್ ಎತ್ತುವವರೆಗೂ ಕಾಯುವುದಿಲ್ಲ. ಹೇಳದೆ ಹೋಗುವುದೂ ಇಲ್ಲ.

ಪ್ರವಾಸಿಗರ ಗುಂಪುಗಳನ್ನು ದೇಶ ದೇಶ ತಿರುಗಿಸುವ ಕೆಲಸದಲ್ಲಿ ಹೊಟ್ಟೆ ಹೊರೆದವಳು ನಾನು. ಈಗ ಕಾಪುವಿನ ತಾಯಿಮನೆಯಲ್ಲಿದ್ದೇನೆ. ನಮ್ಮದು ಅಳಿಯಸಂತಾನದ ಕುಟುಂಬ, ಹಾಗಾಗಿ ಮನೆ ಅಮ್ಮನಿಂದ ಅಕ್ಕನಿಗೂ ನನಗೂ ಬಂದದ್ದು. ಹೆಂಗಸರ ಆಸ್ತಿ ಎಂದು ಹೊರಗಿನವರು ಬೆರಗಾಗುತ್ತಾರೆ. ಆ ಮನೆಯ ಅಂಗಳದಲ್ಲಿ ಕುರ್ಚಿ ಹಾಕಿ ಕೂತಿರುವುದು ಮಸ್ಕತ್ತಿನಲ್ಲಿ ಅರ್ಧ ಆಯುಷ್ಯ ಕಳೆದು ಬಂದ ಅಕ್ಕನ ಗಂಡ, ನನ್ನ ಭಾವ, ಎಂಬುದು ಅವರಿಗೆ ತಿಳಿಯದು. ತೆರಿಗೆ ನಮ್ಮ ಹೆಸರಿನಲ್ಲಿ, ಅಪ್ಪಣೆ ಅವರ ಬಾಯಲ್ಲಿ.

ಈ ಊರಿನಲ್ಲಿ ನನ್ನದು ಎಂದು ಕೈ ಇಟ್ಟು ಹೇಳಬಹುದಾದದ್ದು ಒಂದು ಹಳೆಯ ಜೀಪು ಮಾತ್ರ. ಮನಸ್ಸಾದ ದಿನ ಎದ್ದು ಹೊರಡಬಹುದು ಎಂಬ ಧೈರ್ಯಕ್ಕೇ ಅದನ್ನು ಇಟ್ಟುಕೊಂಡದ್ದು. ಅದನ್ನು ನಿಲ್ಲಿಸುವ ಜಾಗಕ್ಕೆ ಬಂದ ಕುತ್ತಿನಿಂದ ಇಷ್ಟೆಲ್ಲ ಆಯಿತು.

ಸ್ವಚ್ಛತೆಯ ಭಾಷಣ

ಜೀಪಿನ ಹಿಂದಿನ ಮಾಲೀಕ ಶೋಕಿಯವ. ಅಗಲದ ಟಯರು ಹಾಕಿಸಿದ್ದ. ಅವು ಬಾಡಿಯಿಂದ ನಾಲ್ಕು ಬೆರಳು ಹೊರಗೆ ಇಣುಕುತ್ತಿದ್ದವು. ಮಳೆಗಾಲದಲ್ಲಿ ಚಕ್ರ ಎತ್ತಿದ ಕೆಸರಿಗೆ ಅಡ್ಡ ಏನೂ ಇಲ್ಲ.

ಹಿರಿಯಡ್ಕದ ಹತ್ತಿರದ ಒಂದು ಶಾಲೆಯಲ್ಲಿ ಭಾವ ಅತಿಥಿ. ಬಿಳಿ ಪಂಚೆ, ಬಿಳಿ ಅಂಗಿ, ಹೆಗಲಿಗೆ ಜರಿ ಶಾಲು. ಗೇಟಿನ ಹತ್ತಿರ ಇಳಿದವರು ನೆಟ್ಟಗೆ ಒಳಗೆ ಹೋಗಬಾರದೇ? ನಾನು ಗಾಡಿ ಹಿಂದೆ ತೆಗೆಯುವಾಗ ಮೇಲ್ವಿಚಾರಣೆಗೆ ನಿಂತರು.

"ಬರ್ಲಿ, ಬರ್ಲಿ, ಇನ್ನೂ ಬರ್ಲಿ."

"ಭಾವ, ಅಲ್ಲಿ ಕೆಸರುಂಟು. ಬದಿಗೆ ಹೋಗಿ."

"ನನಗೆ ಗೊತ್ತುಂಟು. ನೀನು ಬರ್ಲಿ."

ಬಂತು. ಚಕ್ರ ಹೊಂಡದಲ್ಲಿ ಒಂದು ಸುತ್ತು ಹಾಕಿದ್ದಷ್ಟೇ. ಅವರ ಭಾಷಣದ ವಿಷಯ ಸ್ವಚ್ಛತೆ. ಭಾಷಣ ಶುರುವಾಗುವ ಮೊದಲೇ ಮಕ್ಕಳು ಚಪ್ಪಾಳೆ ಹೊಡೆದರು.

ವಾಪಸು ಬರುವಾಗ ಸೀಟಿಗೆ ಪೇಪರ್ ಹಾಸಿಕೊಂಡು ಕೂತರು. ಮನೆಯ ಗೇಟಿನಲ್ಲಿ ಹೇಳಿದರು, "ಆಯುಧ ಪೂಜೆಯೊಳಗೆ ಒಂದೋ ಆ ಟಯರು ಒಳಗೆ ಹೋಗ್ಬೇಕು, ಇಲ್ಲ ಗಾಡಿ ಹೊರಗೆ ಹೋಗ್ಬೇಕು."

"ಎಲ್ಲಿಂದ ಹೊರಗೆ?"

"ನನ್ನ ಅಂಗಳದಿಂದ."

ಅಮ್ಮನ ಅಂಗಳಕ್ಕೆ ಆ ಕ್ಷಣ ಹೊಸ ವಾರಸುದಾರ ಹುಟ್ಟಿದ, ಮೈತುಂಬ ಕೆಸರಿನೊಂದಿಗೆ.

ಸರ್ ಎಲ್ಲಿ?

ಇದಕ್ಕೆ ಮದ್ದು ಉಂಟು. ಚಕ್ರದ ಮೇಲಿನ ಅಂಚಿಗೆ ಕೂರಿಸುವ ಅಗಲದ ಪ್ಲಾಸ್ಟಿಕ್ ಕಮಾನು. ಅಂಗಡಿಯವರು ಫೆಂಡರ್ ಫ್ಲೇರ್ ಅನ್ನುತ್ತಾರೆ, ಅಕ್ಕ ಗಾಡಿಯ ಹುಬ್ಬು ಅನ್ನುತ್ತಾಳೆ. ಅಕ್ಕನದೇ ಸರಿ.

ಮಣಿಪಾಲದ ಒಂದು ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಭುಜದ ಮೇಲಿಂದ ಹಿಂದೆ ನೋಡುತ್ತಾ ಕೇಳಿದ, "ಸರ್ ಬರ್ಲಿಲ್ವಾ ಮೇಡಂ?"

"ಸರ್ ಇಲ್ಲ."

"ಹಾಗಾದ್ರೆ ಗಾಡಿ ಓಡಿಸುವವರು ಬರ್ಲಿ. ಅಳತೆ ಕೇಳ್ಲಿಕ್ಕುಂಟು."

"ನಾನೇ ಓಡಿಸುವುದು."

ಅವನು ಎದ್ದು ಹೊರಗೆ ಹೋಗಿ, ಜೀಪಿನೊಳಗೆ ಇಣುಕಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಬಂದ. "ಇದು ಗಾಡಿಯ ಮೈಗೆ ತೂತು ಮಾಡುವ ಕೆಲಸ ಮೇಡಂ. ನಾಳೆ ಮನೆಯಲ್ಲಿ ಒಂದು ಮಾತು ಕೇಳಿಕೊಂಡು ಬನ್ನಿ."

ಮೂರು ಖಂಡಗಳ ಗಡಿ ಠಾಣೆಗಳಲ್ಲಿ ಯಾರೂ ನನ್ನನ್ನು ಮನೆಯಲ್ಲಿ ಕೇಳಿಕೊಂಡು ಬಾ ಎಂದಿರಲಿಲ್ಲ. "ಸಾಮಾನು ಕೊಡಿ," ಎಂದೆ. "ಮನೆಯಲ್ಲೇ ಕೂರಿಸುವುದು."

ಅವನ ಮುಖ ಅರಳಿತು. "ಓ, ಮನೆಯಲ್ಲಿ ಯಾರೋ ಇದ್ದಾರೆ, ಅಲ್ವಾ ಹಾಗಾದ್ರೆ?"

ಅಂಗಳದ ಸಭೆ

ಭಾನುವಾರ ಬೆಳಿಗ್ಗೆ ಡ್ರಿಲ್ಲಿಂಗ್ ಮೆಷಿನ್ ಒಮ್ಮೆ ಗುಂಯ್ ಎಂದದ್ದೇ ತಡ, ಭಾವನ ಕುರ್ಚಿಯ ಬದಿಯಲ್ಲಿ ಇನ್ನೆರಡು ಕುರ್ಚಿ ಬಿದ್ದವು. ಒಂದರಲ್ಲಿ ನಿವೃತ್ತ ಮೇಷ್ಟ್ರು, ಇನ್ನೊಂದರಲ್ಲಿ ಪಕ್ಕದ ಮನೆಯ ಭಟ್ಟರು.

ಹುಬ್ಬಿನ ತುಂಡುಗಳ ಹಿಂದೆ ಇಂಗ್ಲಿಷಿನಲ್ಲಿ ಚೀಟಿ ಅಂಟಿಸಿದ್ದರು: ಡ್ರೈವರ್ ಸೈಡ್, ಪ್ಯಾಸೆಂಜರ್ ಸೈಡ್. ನಾನು ಡ್ರೈವರ್ ಸೈಡಿನದನ್ನು ಎಡಕ್ಕೆ ಒಯ್ದೆ. ಮೇಷ್ಟ್ರು ತಡೆದರು. "ಡ್ರೈವರ್ ಬಲಕ್ಕಲ್ವಾ ಅಮ್ಮಾ?"

"ಇದು ಅಮೆರಿಕದವರಿಗೆಂದು ಮಾಡಿದ್ದು ಮೇಷ್ಟ್ರೇ. ಅಲ್ಲಿ ಡ್ರೈವರ್ ಕೂರುವುದು ಎಡಕ್ಕೆ."

"ಅವಳು ನಮಗೆ ಕಲಿಸುವುದು," ಎಂದರು ಭಾವ. "ನಾನು ಅರ್ಧ ಆಯುಷ್ಯ ಎಡಗಡೆ ಕೂತು ಓಡಿಸಿದವ."

ಟೇಪು ಹಚ್ಚಿ ಗುರುತು ಹಾಕಿದೆ. ಭಟ್ಟರು ಗಡಿಯಾರ ನೋಡಿ, ರಾಹುಕಾಲ ಸಂಜೆಗೆ, ಅಡ್ಡಿಯಿಲ್ಲ, ಆದರೂ ಕಬ್ಬಿಣಕ್ಕೆ ತೂತು ಕೊರೆಯುವ ಮೊದಲು ಒಂದು ಕಾಯಿ ಒಡೆಯಬಹುದಿತ್ತು ಎಂದರು. ಕೊರೆದ ಪ್ರತಿ ತೂತಿನ ಅಂಚಿಗೂ ತುಕ್ಕು ತಡೆಯುವ ಪೈಂಟ್ ಹಚ್ಚಿದೆ; ಕಾಪುವಿನ ಗಾಳಿಯಲ್ಲಿ ಉಪ್ಪಲ್ಲದೆ ಬೇರೇನುಂಟು? "ಹುಬ್ಬಿನಡಿಯ ಪೈಂಟ್ ಯಾರಿಗೆ ಕಾಣ್ತದೆ? ದಂಡ," ಎಂದರು ಭಾವ. ಒಂದು ನಟ್ಟು ಉರುಳಿ ಅವರ ಕುರ್ಚಿಯಡಿಗೆ ಹೋಯಿತು. ಮೂವರೂ ಕಾಲು ಮೇಲೆತ್ತಿ, ನಾನು ತೆವಳಿ ತೆಗೆದುಕೊಳ್ಳಲು ದಾರಿ ಮಾಡಿಕೊಟ್ಟರು. ಅವತ್ತು ಅವರಿಂದ ಸಿಕ್ಕಿದ ಸಹಾಯ ಅಷ್ಟೇ.

ಮಧ್ಯಾಹ್ನ ದಾಟುವಾಗ ನಾಲ್ಕೂ ಹುಬ್ಬು ಕೂತಿದ್ದವು. ಅಕ್ಕ ತಟ್ಟೆಯಲ್ಲಿ ಚಾ ತಂದಳು. ಮೂರು ಗ್ಲಾಸು.

"ನನಗೆ?"

"ನಿನ್ನ ಕೈ ಕೊಳೆ ಅಲ್ವಾ," ಎಂದಳು ಅಕ್ಕ. "ಇವರೆಲ್ಲ ಬೆಳಗ್ಗಿನಿಂದ ದಣಿದಿದ್ದಾರೆ."

ಯಜಮಾನರು ಮುಂದೆ ಬನ್ನಿ

ಆಯುಧ ಪೂಜೆಗೆ ಅಕ್ಕ ಶಂಕರಪುರದ ಮಲ್ಲಿಗೆ ತರಿಸಿ, ನಾಲ್ಕು ಹುಬ್ಬಿಗೂ ಮುಡಿಸಿದಳು. ಮದುವೆ ಮಾಡಿಕೊಳ್ಳದ ನನಗಿಂತ ನನ್ನ ಜೀಪು ಚಂದ ಕಂಡಿತು.

ಭಟ್ಟರು ಆರತಿ ಹಚ್ಚಿ, "ಗಾಡಿಯ ಯಜಮಾನರು ಮುಂದೆ ಬನ್ನಿ," ಎಂದರು. ನಾನು ಒಂದು ಹೆಜ್ಜೆ ಇಡುವಷ್ಟರಲ್ಲಿ ಭಾವ ಎರಡು ಇಟ್ಟಾಗಿತ್ತು. ಸಂಕಲ್ಪ ಅವರ ಹೆಸರಿನಲ್ಲಿ, ನಕ್ಷತ್ರ ಅವರದ್ದು. ಆಮೇಲೆ ಚಕ್ರದಡಿಯ ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಬೇಕು. ಭಾವ ಸೀಟಿನಲ್ಲಿ ಕೂತು ಕ್ಲಚ್ಚು ತುಳಿದರು. ಅದು ನನ್ನ ಕಾಲು ಕಂಡ ಕ್ಲಚ್ಚು. ಗೇರು ಕಿರುಚಿತು, ಗಾಡಿ ಜಿಗಿದು ಆಫಾಯಿತು. ಇನ್ನೊಮ್ಮೆ ಕಿರುಚಿತು. ನಿಂಬೆಹಣ್ಣಿಗೆ ಏನೂ ಆಗಲಿಲ್ಲ.

ಭಟ್ಟರು ಗಂಟೆ ಕೆಳಗಿಟ್ಟು ಮೆಲ್ಲಗೆ ಹೇಳಿದರು, "ಯಜಮಾನರು ಇಳಿಯಲಿ. ಡ್ರೈವರ್ ಹತ್ತಲಿ."

ಬಜಗೋಳಿಯ ಆನೆಕಿವಿ

ಕಾರ್ಕಳದಲ್ಲಿ ಒಂದು ಮದುವೆ. ಬಜಗೋಳಿಯಿಂದ ಬಂದಿದ್ದ ಭಾವನ ಮಸ್ಕತ್ತಿನ ಗೆಳೆಯರೊಬ್ಬರು ಜೀಪಿಗೆ ಒಂದು ಸುತ್ತು ಹಾಕಿ ಕೇಳಿದರು, "ಇದು ಎಲ್ಲಿ ಮಾಡಿಸಿದ್ದು ಮಾರಾಯ?"

"ಮಾಡಿಸಿದ್ದು ಎಂತ? ಮನೆಯಲ್ಲೇ ಕೂರಿಸಿದ್ದು."

"ಯಾರು?"

"ಯಾರೆಂದರೆ, ನಾವೇ."

ನಾನು ಎರಡು ಮಾರು ಆಚೆ ಐಸ್‌ಕ್ರೀಮ್ ತಿನ್ನುತ್ತಿದ್ದೆ. ಪೂಜೆಯ ದಿನದಿಂದ ಗಾಡಿ ಹೊರಗೆ ಹೋಗಬೇಕೆಂಬ ಮಾತು ನಿಂತಿತ್ತು. ತನ್ನ ಕೈಕೆಲಸವನ್ನು ಯಾರು ಅಂಗಳದಿಂದ ಓಡಿಸುತ್ತಾರೆ? ನನ್ನದೇ ಅಂಗಳಕ್ಕೆ ನಾನು ಕೊಡುವ ಬಾಡಿಗೆ ಇದು ಎಂದುಕೊಂಡು ಸುಮ್ಮನಾದೆ.

ಸ್ವಲ್ಪ ದಿನದಲ್ಲೇ ಭಾವ ಹೇಳಿದರು, "ಬಜಗೋಳಿಗೆ ಹೋಗ್ಲಿಕ್ಕುಂಟು. ನಿನ್ನ ಡ್ರಿಲ್ಲು ಗಾಡಿಯಲ್ಲಿ ಇರ್ಲಿ."

ಗೆಳೆಯರ ಗಾಡಿ ಹೊಸದು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹುಬ್ಬುಗಳ ಪೆಟ್ಟಿಗೆಯೂ ಬಂದಿತ್ತು. ಭಾವ ಅಂಗಿಯ ತೋಳು ಮಡಚಿದರು. ನನ್ನನ್ನು ಜಗಲಿಯಲ್ಲಿ ಹೆಂಗಸರ ಜೊತೆ ಕೂರಿಸಿ, ಗೆಳೆಯರ ಹೆಂಡತಿ ಬಿಸಿ ಬಿಸಿ ಚಾ ಕೊಟ್ಟರು. ಕೈ ಶುದ್ಧವಿದ್ದರೆ ಏನೆಲ್ಲ ಸಿಗುತ್ತದೆ.

ಭಾವ ಡ್ರೈವರ್ ಸೈಡ್ ಎಂಬ ಚೀಟಿ ಓದಿ, ಆ ತುಂಡನ್ನು ಬಲಗಡೆಗೆ ಒಯ್ದರು.

"ಭಾವ," ಎಂದೆ, "ಅದು ಎಡದ್ದು."

"ನೀನು ಚಾ ಕುಡಿ."

ನಾನು ಚಾ ಕುಡಿದೆ. ಹುಬ್ಬು ಕೂರಲಿಲ್ಲ, ಮುಂದೆ ಒತ್ತಿದರೆ ಹಿಂದೆ ಎದ್ದಿತು. "ಟೈಟ್ ಮಾಡಿದರೆ ಸರಿಯಾಗ್ತದೆ," ಎಂದು ಭಾವ ಡ್ರಿಲ್ಲು ಒತ್ತಿದರು. ಹೊಸ ಗಾಡಿಯ ಮೈಗೆ ತೂತು ಬಿತ್ತು. ಅದಕ್ಕೆ ತುಂಡಿನ ತೂತು ಸೇರಲಿಲ್ಲವೆಂದು ಪಕ್ಕದಲ್ಲಿ ಇನ್ನೊಂದು ಬಿತ್ತು. ಬೋಲ್ಟು ತಿರುಗಿಸಿದಷ್ಟೂ ಹುಬ್ಬು ಅಗಲವಾಗಿ ಹೊರಗೆ ಬಂದು, ಕೊನೆಗೆ ಆನೆ ಕಿವಿ ಬೀಸಿದ ಹಾಗೆ ನಿಂತಿತು.

ಗೆಳೆಯರು ತೂತಿಗೆ ಬೆರಳು ಹಾಕಿ ನೋಡಿ, ಮೆತ್ತಗೆ ಕೇಳಿದರು, "ನಿನ್ನ ಗಾಡಿಗೆ ಹಾಕಿದ್ದು ಸರಿಯಾಗಿ ಕೂತಿತ್ತಲ್ಲ ಮಾರಾಯ. ಅದು ನೀನೇ ಮಾಡಿದ್ದಾ?"

ಭಾವ ಬೆವರು ಒರೆಸಿಕೊಂಡು ನನ್ನ ಕಡೆ ಕೈ ತೋರಿಸಿದರು. "ನಾನೆಲ್ಲಿ? ಅದೆಲ್ಲ ಇವಳು ಮಾಡಿದ್ದು. ಇವಳನ್ನು ನೋಡಿ ಕಲಿತದ್ದಕ್ಕೇ ಹೀಗಾದ್ದು."

ಕಡೆಗೂ ನಾಲ್ಕು ಜನರ ಎದುರು ಅಷ್ಟು ಸ್ಪಷ್ಟವಾಗಿ ಒಪ್ಪಿಕೊಂಡರಲ್ಲ. ಚಾ ಗ್ಲಾಸು ಕೆಳಗಿಟ್ಟೆ. ಡ್ರಿಲ್ಲು ತೆಗೆದುಕೊಂಡು ಜೀಪು ಹತ್ತಿದೆ. "ಭಾವ, ಕಾರ್ಕಳಕ್ಕೆ ಬಸ್ಸುಂಟು. ಅಲ್ಲಿ ಇಳಿದು ಬದಲಿಸಬೇಕು," ಎಂದು ಹೇಳಿ ಹೊರಟೆ.

ಅವರು ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಆ ಸಲ ಮಳೆ ಬಿಟ್ಟು ಹೋಗುವ ಲಕ್ಷಣವೇ ಇರಲಿಲ್ಲ. ಕಾರ್ಕಳದಲ್ಲಿ ಬಸ್ಸಿಗೆ ಕಾಯುವಾಗ ಯಾವುದೋ ಗಾಡಿ ಹೊಂಡಕ್ಕೆ ಇಳಿದಿತ್ತಂತೆ. ಬಿಳಿ ಪಂಚೆ ಸೊಂಟದವರೆಗೆ ಕೆಂಪು ಕೆಸರು. ಅಷ್ಟೇ ಹೇಳಿ ಬಚ್ಚಲಿಗೆ ಹೋದರು.

ಅಕ್ಕ ಪಂಚೆ ನೋಡಿದಳು, ಅಂಗಳದ ಜೀಪು ನೋಡಿದಳು, ನನ್ನನ್ನು ನೋಡಿದಳು. "ನಿಜ ಹೇಳು. ನೀನೇ ಹಾರಿಸಿದ್ದಾ?"

"ನನ್ನ ಗಾಡಿ ಈಗ ಕೆಸರು ಹಾರಿಸುವುದಿಲ್ಲ ಅಕ್ಕ," ಎಂದೆ. "ಹುಬ್ಬು ಉಂಟಲ್ಲ. ಬೇಕಾದರೆ ಭಾವನನ್ನೇ ಕೇಳು. ಅವರೇ ಕೂರಿಸಿದ್ದು."